ತಮ್ಮನ ಈ ವರ್ಷದ ಮುಖ

ಫೆಬ್ರವರಿ ೧೧, ಬುಧವಾರ
ಪ್ರೆಸ್ಸಿನಲ್ಲಿ, ಊಟದ ಬಿಡುವಿನ ಹೊತ್ತು

ಅಪ್ಪನ ಅಂಗಿಯ ಗುಂಡಿ ನುಂಗಿ ಆ ಹೆಸರು ಸಂಪಾದಿಸಿದ ನನ್ನ ತಂಗಿ ಗುಂಡಿಗೆ,

ಅಕ್ಕ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಕೇಳುವ ಸಾಲನ್ನು ಹಾರಿಸಿಬಿಡುತ್ತೇನೆ, ನಿನ್ನ ನೆಗಡಿಯ ಪೂರ್ತಿ ವರದಿ ನಿನ್ನೆ ಫೋನಿನಲ್ಲೇ ಸಿಕ್ಕಿದೆ. ಕೈಬರಹದ ಕಾಗದ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಲು ನಮ್ಮ ಎರಡು ಕೋಣೆಯ ಮನೆಯಲ್ಲಿ ಜಾಗವಿಲ್ಲ. ಅಮ್ಮನಿಗೆ ಆಪರೇಷನ್ ಆಗಿದ್ದು ಕಣ್ಣಿಗೆ, ಕಿವಿ ಮೊದಲಿನಿಂದಲೂ ಚುರುಕು.

ನೀನು ಕೇಳಿದ್ದು ಇಷ್ಟೇ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದನ್ನು ಕಲಿಯಬೇಕು, ಹೊಸಬರಿಗೆ ಸರಿಹೋಗುವ, ಕೈಗೆಟುಕುವ ಬೆಲೆಯ ಟ್ಯಾಬ್ಲೆಟ್ ಯಾವುದು, ಸುಮ್ಮನೆ ಹವ್ಯಾಸಕ್ಕೆ. ಆ 'ಸುಮ್ಮನೆ ಹವ್ಯಾಸಕ್ಕೆ' ಎನ್ನುವುದನ್ನು ಮೆಸೇಜಿನ ಕೊನೆಯಲ್ಲಿ ಇನ್ನೊಂದು ಸಲ ಬೇರೆ ಹಾಕಿದ್ದೀಯ. ಶಾಲೆಯಲ್ಲಿ ನೀನು ಬರೆದ ಆನೆಯನ್ನು ಡ್ರಾಯಿಂಗ್ ಮೇಷ್ಟ್ರು ಸೋಫಾ ಎಂದುಕೊಂಡು, ಸೋಫಾ ಚೆನ್ನಾಗಿದೆ ಎಂದು ಅಂಕ ಕೊಟ್ಟಿದ್ದರು. ಅಂಥವಳಿಗೆ ಈ ಹವ್ಯಾಸ ಇದ್ದಕ್ಕಿದ್ದಂತೆ ಎಲ್ಲಿಂದ ಹುಟ್ಟಿತು ಎಂದು ನಾನು ಕೇಳುವುದಿಲ್ಲ. ಕಳೆದ ವಾರ ಅಮ್ಮ ಫೋನು ಹಿಡಿದು ಬಚ್ಚಲಿಗೆ ಹೋಗಿ, ನನಗೆ ಕೇಳಿಸದಿರಲಿ ಎಂದು ನಲ್ಲಿ ಬಿಟ್ಟುಕೊಂಡು ನಿನ್ನ ಹತ್ತಿರ ಮಾತಾಡಿದಳಲ್ಲ, ನೀರಿನ ಸದ್ದಿಗಿಂತ ಜೋರಾಗಿ ಮಾತಾಡಬೇಕಾಗಿ ಬಂದು ಪಕ್ಕದ ಮನೆಯವರಿಗೂ ಕೇಳಿಸಿತು. "ನಿಂಗೆ ಸ್ವಲ್ಪನಾದ್ರೂ ಬರಿಯೋಕೆ ಬರತ್ತೇನೇ?" ಎಂದು ಕೇಳುತ್ತಿದ್ದಳು. ನೀನು ಏನು ಹೇಳಿದೆಯೋ ಗೊತ್ತಿಲ್ಲ. ನಲ್ಲಿ ನಿಂತಿತು.

ಇರಲಿ, ಮೊದಲು ಟ್ಯಾಬ್ಲೆಟ್ ವಿಷಯ ಮುಗಿಸುತ್ತೇನೆ.

ಅಂಗಡಿಗೆ ಹೋದರೆ ಮೊದಲು ತೋರಿಸುವುದು ದೊಡ್ಡ ಫೋನಿನ ಹಾಗೆ ತಾನೇ ಒಂದು ಕಂಪ್ಯೂಟರ್ ಆಗಿರುವಂಥದ್ದನ್ನು. ಅದು ಬೇಡ. ಅದರ ಪೆನ್ನು ಎಷ್ಟೋ ಸಲ ಬೇರೆ ಕೊಳ್ಳಬೇಕಾಗುತ್ತದೆ, ಮೇಲಾಗಿ ನೀನು ಅದರಲ್ಲಿ ಧಾರಾವಾಹಿ ನೋಡುತ್ತ ಕೂರುತ್ತೀಯ. ಆಮೇಲೆ ಪರದೆ ಇರುವಂಥದ್ದನ್ನು ತೆಗೆಯುತ್ತಾರೆ. ಅದನ್ನು ಕಂಪ್ಯೂಟರಿಗೆ ಜೋಡಿಸಿ, ಪರದೆಯ ಮೇಲೇ ಪೆನ್ನಿಟ್ಟು ಬರೆಯಬಹುದು. ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಕಡಿಮೆ ಬೆಲೆಯವುಗಳಲ್ಲಿ ಪೆನ್ನಿನ ತುದಿ ಇರುವಲ್ಲಿ ಗೆರೆ ಬೀಳುವುದಿಲ್ಲ, ಕೂದಲೆಳೆಯಷ್ಟು ಪಕ್ಕದಲ್ಲಿ ಬೀಳುತ್ತದೆ. ವೈರುಗಳ ಗೋಜಲು ಬೇರೆ. ನಿನಗೆ ಬೇಕಾದದ್ದು ಅಂಗಡಿಯವರು ಕೊನೆಗೆ, ಒಲ್ಲದ ಮನಸ್ಸಿನಿಂದ ಕೆಳಗಿನ ಖಾನೆಯಿಂದ ತೆಗೆಯುವ ಬರೀ ಕಪ್ಪು ಹಲಗೆ. ನಮ್ಮ ಪ್ರೆಸ್ಸಿನಲ್ಲಿ ಅದನ್ನು ಸ್ಲೇಟು ಅನ್ನುತ್ತೇವೆ. ಪೆನ್ನು ಸ್ಲೇಟಿನ ಮೇಲೆ ಓಡುತ್ತದೆ, ಗೆರೆ ಎದುರಿನ ಕಂಪ್ಯೂಟರಿನಲ್ಲಿ ಮೂಡುತ್ತದೆ. ನಿನ್ನ ಹಳೆಯ ಲ್ಯಾಪ್‌ಟಾಪ್ ಸಾಕು, ಬಿಟ್ಟಿ ಸಿಗುವ ಚಿತ್ರದ ಸಾಫ್ಟ್‌ವೇರ್ ಸಾಕು.

ನನ್ನ ಮಾತು ನಂಬು. ಬೀಜದ ಪ್ಯಾಕೆಟ್ಟಿಗೆ ತರಕಾರಿ ಬರೆದೇ ನನ್ನ ತಲೆ ನರೆತಿದೆ. ಮೊದಲು ಬ್ರಷ್ಷಿನಲ್ಲಿ, ಆಮೇಲೆ ಸ್ಲೇಟಿನಲ್ಲಿ. ನಮ್ಮ ಪ್ರೆಸ್ಸಿನ ಯಜಮಾನರ ಕೈ ಎಷ್ಟು ಬಿಗಿ ಎಂದು ನಿನಗೆ ಗೊತ್ತಲ್ಲ, ಹಾಗಾಗಿ ಮಾರುಕಟ್ಟೆಯಲ್ಲಿ ಇರುವ ಎಲ್ಲ ಅಗ್ಗದ ಸ್ಲೇಟುಗಳೂ ನನ್ನ ಮೇಜಿನ ಮೇಲೆ ಬಂದು ಹೋಗಿವೆ. ಮೊದಲು ತಂದದ್ದರ ಪೆನ್ನಿಗೆ ಸೆಲ್ಲು ಹಾಕಬೇಕಿತ್ತು. ಅರ್ಧ ಬದನೆಕಾಯಿ ಆಗುವಷ್ಟರಲ್ಲಿ ಸೆಲ್ಲು ಸಾಯುತ್ತಿತ್ತು, ಯಜಮಾನರು ಗೋಡೆ ಗಡಿಯಾರದ ಸೆಲ್ಲು ಬಿಚ್ಚಿ ಕೊಡುತ್ತಿದ್ದರು, ಇಡೀ ಪ್ರೆಸ್ಸಿಗೆ ಹೊತ್ತು ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಸೆಲ್ಲೂ ಬೇಡದ, ಚಾರ್ಜೂ ಬೇಡದ ಪೆನ್ನು ಇರುವುದನ್ನೇ ತಗೋ. ಈಗ ಅಗ್ಗದವುಗಳಲ್ಲೂ ಸಿಗುತ್ತದೆ. ಪೆನ್ನಿನ ಒತ್ತಡ ಎಂಟು ಸಾವಿರ ಮಟ್ಟದಲ್ಲಿ ಗೊತ್ತಾಗುತ್ತದೆ, ಇನ್ನೊಂದರಲ್ಲಿ ಅದರ ಎರಡರಷ್ಟು ಎಂದು ಅಂಗಡಿಯವರು ಕೊಚ್ಚಿಕೊಂಡರೆ ತಲೆಯಾಡಿಸಿ ಸುಮ್ಮನಿರು. ಮೆತ್ತಗೆ ಒತ್ತಿದರೆ ತೆಳು, ಗಟ್ಟಿಯಾಗಿ ಒತ್ತಿದರೆ ದಪ್ಪ. ನಮ್ಮ ಕೈಗೆ ಅದಕ್ಕಿಂತ ಹೆಚ್ಚಿನ ಲೆಕ್ಕ ತಿಳಿಯುವುದಿಲ್ಲ.

ಅಂಗೈಯಗಲದ ಪುಟ್ಟದನ್ನು ಮಾತ್ರ ತಗೋಬೇಡ. ಅದರಲ್ಲಿ ಬರೀ ಮಣಿಕಟ್ಟು ಆಡುತ್ತದೆ, ಗೆರೆಗಳೆಲ್ಲ ಕುಂಟುತ್ತವೆ. ತುಂಬ ದೊಡ್ಡದು ತಂದರೆ ನಿನ್ನ ಬಾಡಿಗೆ ಕೋಣೆಯ ಮೇಜಿನ ಮೇಲೆ ಊಟದ ತಟ್ಟೆಗೆ ಜಾಗ ಉಳಿಯುವುದಿಲ್ಲ. ಮುಚ್ಚಿಟ್ಟ ನೋಟ್‌ಬುಕ್ಕಿಗಿಂತ ಒಂದಿಷ್ಟು ದೊಡ್ಡದಾದರೆ ಸರಿ. ಪೆನ್ನಿನ ಮೊನೆ ಸವೆಯುತ್ತದೆ, ಪೆಟ್ಟಿಗೆಯಲ್ಲಿ ಬದಲಿ ಮೊನೆಗಳು ಇವೆಯೇ ಎಂದು ನೋಡಿಕೋ. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಅಡ್ಡಿಯಿಲ್ಲ, ಆದರೆ ತೀರಾ ಹಳೆಯದಾದರೆ ನಿನ್ನ ಲ್ಯಾಪ್‌ಟಾಪು ಅದನ್ನು ಗುರುತೇ ಹಿಡಿಯುವುದಿಲ್ಲ. ಕೊಳ್ಳುವ ಮೊದಲು ಜೋಡಿಸಿ ತೋರಿಸು ಎಂದು ಕೇಳು. ಕೇಳಲು ನಿನಗೇನು ನಾಚಿಕೆಯೇ, ನಿನ್ನ ಕನ್ನಡಕದ ಅಂಗಡಿಗೆ ಬಂದವರು ಇಪ್ಪತ್ತು ಫ್ರೇಮು ಹಾಕಿ ತೆಗೆದು, ಆಮೇಲೆ ಬರುತ್ತೇವೆ ಎಂದು ಹೋಗುವುದಿಲ್ಲವೇ?

ಕನ್ನಡಕದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನೀನು ಕಳೆದ ತಿಂಗಳು ಅಮ್ಮನಿಗೆಂದು ಕಳಿಸಿದ ಹೊಸ ಕನ್ನಡಕ ಪಾರ್ಸೆಲ್ಲಿನಲ್ಲಿ ಚೆನ್ನಾಗಿಯೇ ಬಂತು. ಅಮ್ಮ ಅದನ್ನು ಹಾಕಿಕೊಳ್ಳುತ್ತಿಲ್ಲ, ತಲೆನೋವಂತೆ. ನಂಬರು ತಪ್ಪಿತೇನೋ ಎಂದು ನೀನು ಕೊರಗಿಕೊಂಡು ರಜೆ ಹಾಕಿ ಬರುವ ಅಗತ್ಯವಿಲ್ಲ. ಆಪರೇಷನ್ ಆದ ಕಣ್ಣು, ಒಗ್ಗಿಕೊಳ್ಳಲು ಹೊತ್ತು ಬೇಕು. ಅವಳ ಹೊಲಿಗೆಗೆ ಸೂಜಿ ಪೋಣಿಸಿ ಕೊಡಲು ನಾನಿದ್ದೇನೆ.

ಸ್ಲೇಟು ತಂದ ಮೇಲೆ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಒಂದು ಡಬ್ಬಿಯ ಮುಚ್ಚಳ ಸ್ಲೇಟಿನ ಮೇಲಿಟ್ಟು, ಅದರ ಸುತ್ತ ಪೆನ್ನು ಓಡಿಸು. ಪರದೆಯಲ್ಲಿ ದುಂಡಗೆ ಬಂತೋ, ಮೊಟ್ಟೆಯಾಯಿತೋ ನೋಡು. ಸ್ಲೇಟಿನ ಆಕಾರಕ್ಕೂ ಪರದೆಯ ಆಕಾರಕ್ಕೂ ಹೊಂದಿಕೆ ಇಲ್ಲದಿದ್ದರೆ ಎಲ್ಲವೂ ಅಗಲವಾಗುತ್ತದೆ ಇಲ್ಲವೇ ಎಳೆದ ಹಾಗಾಗುತ್ತದೆ. ಸೆಟ್ಟಿಂಗಿನಲ್ಲಿ ಅದನ್ನು ಸರಿಮಾಡುವ ಜಾಗವಿದೆ, ಹುಡುಕು. ಟೊಮೇಟೊ ಸ್ವಲ್ಪ ಅಗಲವಾದರೆ ಯಾರೂ ದೂರು ಕೊಡುವುದಿಲ್ಲ. ನೀನು ಬರೆಯಹೊರಟಿರುವುದು ಮುಖ.

ಹೌದು, ನನಗೆ ಗೊತ್ತು. ಇಬ್ಬರೂ ಬಾಯಿ ಮುಚ್ಚಿಕೊಂಡು ಎಷ್ಟು ದಿನ ಇರೋಣ. ನಮ್ಮ ಮನೆಯಲ್ಲಿ ಯಾರೂ ಇದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಹೇಳಿಕೊಂಡಿಲ್ಲ. ಇವತ್ತು ಬರೆದು ನೋಡುತ್ತೇನೆ, ಕೈ ಎಲ್ಲಿ ನಿಲ್ಲುತ್ತದೋ ನೋಡೋಣ.

ನಮ್ಮ ತಮ್ಮ ಕಾಣೆಯಾದಾಗ ಅವನಿಗೆ ಹನ್ನೊಂದು, ನಿನಗೆ ಹದಿಮೂರು. ನಾನು ಆಗಲೇ ಪ್ರೆಸ್ಸಿಗೆ ಸೇರಿದ್ದೆ. ಬೆಳಗ್ಗೆ ಅವನು ಏಳುವ ಮೊದಲು ಹೊರಟು, ಅವನು ಮಲಗಿದ ಮೇಲೆ ಮನೆಗೆ ಬರುತ್ತಿದ್ದೆ. ಅವನನ್ನು ಕಂಡವಳು ನೀನು. ನೀನು ಹೋದಲ್ಲೆಲ್ಲ ಹಿಂದೆ ಹಿಂದೆ ಬರುತ್ತಿದ್ದ ಎಂದೇ ಅವನಿಗೆ ಬಾಲ ಎಂದು ಹೆಸರಿಟ್ಟಿದ್ದು. ಆ ದಿನ ನೀನು ಜ್ವರ ಬಂದು ಮಲಗಿದ್ದೆ, ಅವನು ಒಬ್ಬನೇ ಸೈಕಲ್ಲಿಗೆ ಗಾಳಿ ಹಾಕಿಸಿಕೊಂಡು ಬರುತ್ತೇನೆಂದು ಹೋದ. ಸೈಕಲ್ ಅಂಗಡಿಯ ಮುಂದೆ ಸೈಕಲ್ ಸಿಕ್ಕಿತು. ಎರಡೂ ಚಕ್ರಕ್ಕೆ ಗಾಳಿ ತುಂಬಿತ್ತು.

ಅವನದೆಂದು ನಮ್ಮಲ್ಲಿದ್ದದ್ದು ಶಾಲೆಯ ಗುಂಪಿನ ಫೋಟೋ ಒಂದೇ. ಮೂರನೇ ಸಾಲು, ಮುಖ ಅಂಗಿಯ ಗುಂಡಿಯಷ್ಟು. ಪೊಲೀಸ್ ಸ್ಟೇಷನ್ನಿನವರು ಅದನ್ನೇ ದೊಡ್ಡದು ಮಾಡಿ ಅಂಟಿಸಿದರು, ಬರೀ ಚುಕ್ಕಿ ಚುಕ್ಕಿ. ಮಾರನೆಯ ವರ್ಷ ಅವನ ಹುಟ್ಟಿದ ದಿನಕ್ಕೆ ಮೊದಲು ಅಮ್ಮ ನನ್ನ ಮುಂದೆ ಡ್ರಾಯಿಂಗ್ ಹಾಳೆ ತಂದಿಟ್ಟಳು. "ಅವನೇನು ಅಷ್ಟೇ ಇರ್ತಾನಾ? ಬೆಳೆದಿರ್ತಾನೆ. ಆ ಫೋಟೋ ಹಿಡ್ಕೊಂಡು ಹುಡುಕಿದ್ರೆ ಯಾರ ಕಣ್ಣಿಗೆ ಬೀಳ್ತಾನೆ? ಈ ವರ್ಷದ್ದು ಒಂದು ಬರ್ಕೊಡು" ಎಂದಳು. ಮಾತಿನಲ್ಲಿ ನ್ಯಾಯವಿತ್ತು. ಬರೆದುಕೊಟ್ಟೆ. ಸ್ಟೇಷನ್ನಿನವರು ಅದರ ಒಂದು ನಕಲು ತೆಗೆದುಕೊಂಡು ಫೈಲಿಗೆ ಸೇರಿಸಿದರು.

ಅಲ್ಲಿಂದ ಪ್ರತಿ ವರ್ಷ. ಸ್ಟೇಷನ್ನಿನವರು ತೆಗೆದುಕೊಳ್ಳುವುದನ್ನು ಯಾವಾಗಲೋ ನಿಲ್ಲಿಸಿದರು, ಅಮ್ಮ ನಿಲ್ಲಿಸಲಿಲ್ಲ. ಅಲ್ಮೇರಾ ಬಾಗಿಲಿನ ಒಳಗಡೆ, ಹೋದ ವರ್ಷದ್ದರ ಮೇಲೆ ಈ ವರ್ಷದ್ದು, ಅದೇ ತೂತಿಗೆ ಅದೇ ಪಿನ್ನು. ನಾನು ಬರೆಯುವಾಗ ಪಕ್ಕದಲ್ಲಿ ಹೊಲಿಗೆ ಹಿಡಿದು ಕೂತು ಅವಳ ನಿರ್ದೇಶನ. "ಈಗ ಮೀಸೆ ಬಂದಿರತ್ತೆ, ತೆಳ್ಳಗೆ ಹಾಕು, ಜಾಸ್ತಿ ಬೇಡ." "ಮುಂದೆ ಕೂದಲು ಕಮ್ಮಿ ಮಾಡು, ನಿಮ್ಮಪ್ಪಂಗೂ ಇಷ್ಟು ಹೊತ್ತಿಗೆ ಉದುರೋಕೆ ಶುರುವಾಗಿತ್ತು." ಒಂದು ವರ್ಷ ಇದ್ದಕ್ಕಿದ್ದಂತೆ, "ಸ್ವಲ್ಪ ದಪ್ಪ ಮಾಡೇ. ಯಾರೋ ಚೆನ್ನಾಗಿ ಊಟ ಹಾಕ್ತಿದಾರೆ ಅವನಿಗೆ" ಎಂದಳು. ನಾನು ಕೆನ್ನೆ ತುಂಬಿಸಿದೆ. ಆ ವರ್ಷವೆಲ್ಲ ಅಮ್ಮ ನೆಮ್ಮದಿಯಾಗಿದ್ದಳು. ನೀನು ರಜೆಗೆ ಬಂದವಳು ಅದನ್ನು ನೋಡಿ, ಮದುವೆಯಾಗಿರಬೇಕು ಎಂದು ತಮಾಷೆ ಮಾಡಿದೆ. ಅಮ್ಮ ನಗಲಿಲ್ಲ, ಯೋಚಿಸಿದಳು.

ಅವನ ಹುಟ್ಟಿದ ದಿನ ಬಂದರೂ ಈ ಜನವರಿಯಲ್ಲಿ ನಾನು ಬರೆಯಲಿಲ್ಲ. ಹೊಸ ಪ್ಯಾಕೆಟ್ಟುಗಳ ಕೆಲಸ ಹೆಚ್ಚಿತ್ತು ಎಂದು ನಿನಗೆ ಫೋನಿನಲ್ಲಿ ಹೇಳಿದ್ದೆ. ಸುಳ್ಳು. ಜನವರಿಯಲ್ಲಿ ಇಡೀ ಪ್ರೆಸ್ಸಿಗೆ ಬಂದದ್ದು ಒಂದು ಮೂಲಂಗಿ.

ಮೊನ್ನೆ ಶನಿವಾರ ನಿನಗೋಸ್ಕರ ಇಲ್ಲಿನ ಅಂಗಡಿಗೆ ಹೋಗಿದ್ದೆ, ಈಗ ಹೊಸದಾಗಿ ಏನೇನು ಬಂದಿದೆ ನೋಡೋಣ ಎಂದು. ಅಂಗಡಿಯ ಹುಡುಗಿ ಬಹಳ ಮುತುವರ್ಜಿಯವಳು, ಪರದೆ ಇರುವುದನ್ನು ಮಾರಲು ಪಣ ತೊಟ್ಟಿದ್ದಳು. "ಒಂದ್ಸಲ ಬರ್ದು ನೋಡಿ ಮೇಡಂ" ಎಂದು ಪೆನ್ನು ಕೈಗೆ ಕೊಟ್ಟಳು. ನಾನು ಟೊಮೇಟೊ ಬರೆದೆ, ನನಗೆ ಬೇರೇನು ಬರುತ್ತದೆ. ಅವಳು ಬೇರೆ ಗಿರಾಕಿಯ ಹತ್ತಿರ ಹೋಗಿ ಬರುವಷ್ಟರಲ್ಲಿ ಟೊಮೇಟೊ ಪಕ್ಕದಲ್ಲಿ ಕೈ ತನ್ನ ಪಾಡಿಗೆ ತಾನು ಓಡಿ ಒಂದು ಹುಬ್ಬು, ಮೂಗು, ಗದ್ದ, ಮೀಸೆ ಎಲ್ಲ ಬಂದಿತ್ತು. ಬರೆಯುತ್ತಿದ್ದೇನೆ ಎಂದು ನನಗೆ ಗೊತ್ತೇ ಆಗಲಿಲ್ಲ ಕಣೇ. ಹುಡುಗಿ ವಾಪಸು ಬಂದು ಬಗ್ಗಿ ನೋಡಿ, "ನಿಮ್ ತಮ್ಮನಾ ಮೇಡಂ? ನಿಮ್ ಥರಾನೇ ಇದಾರೆ" ಎಂದಳು. ಹೌದು ಎಂದೆ. ಎಲ್ಲಿದ್ದಾರೆ ಎಂದು ಕೇಳಿದಳು. ಊರಲ್ಲಿಲ್ಲ ಎಂದೆ. ಅಳಿಸಲೇ, ಉಳಿಸಿಕೊಳ್ಳುತ್ತೀರಾ ಎಂದು ಕೇಳಿದಳು. ಅಳಿಸು ಎಂದೆ. ಒಂದೇ ಸಲ ಒತ್ತಿದಳು, ಹೋಯಿತು, ಟೊಮೇಟೊ ಕೂಡ.

ಅವಳು ಹೇಳಿದ್ದರಲ್ಲಿ ನನಗೆ ಹೊಸದೇನೂ ಇರಲಿಲ್ಲ. ಜನವರಿಯಲ್ಲೇ ತಿಳಿದಿತ್ತು. ಅಲ್ಮೇರಾದಲ್ಲಿದ್ದ ಇಪ್ಪತ್ತೆರಡು ಹಾಳೆಗಳನ್ನೂ ಪಿನ್ನು ಕಿತ್ತು ಚೀಲದಲ್ಲಿ ಹಾಕಿಕೊಂಡು ಹೋಗಿ, ಪ್ರೆಸ್ಸಿನಲ್ಲಿ ಸ್ಕ್ಯಾನ್ ಮಾಡಿದೆ. ಕಂಪ್ಯೂಟರಿನಲ್ಲಿ ಚಿತ್ರದ ಮೇಲೆ ಚಿತ್ರ ಇಡಬಹುದು, ಲೇಯರ್ ಅನ್ನುತ್ತಾರೆ. ಗಾಜಿನ ಮೇಲೆ ಗಾಜು ಇಟ್ಟ ಹಾಗೆ, ನಿನಗೆ ಹೇಳಿಕೊಡಬೇಕೇ. ಎಲ್ಲಕ್ಕಿಂತ ಕೆಳಗೆ ಶಾಲೆಯ ಫೋಟೋ, ಅದರ ಮೇಲೆ ವರ್ಷ ವರ್ಷದ್ದು, ಕಣ್ಣಿಗೆ ಕಣ್ಣು ಕೂರಿಸಿ ಜೋಡಿಸಿದೆ. ಒಂದೊಂದೇ ಪದರ ತೆರೆಯುತ್ತ ಹೋದೆ. ಮೊದಲ ನಾಲ್ಕೈದರಲ್ಲಿ ಬಾಲನಿದ್ದಾನೆ. ಆಮೇಲೆ ಮೂಗು ತುಸು ಉದ್ದವಾಗುತ್ತದೆ. ಕಿವಿ ತಲೆಗೆ ಅಂಟಿಕೊಳ್ಳುತ್ತದೆ. ಗದ್ದ ಚೌಕವಾಗುತ್ತದೆ. ಹತ್ತನೆಯದಕ್ಕೆ ಬರುವಾಗ ಅವನು ಹೊರಟೇಹೋಗಿದ್ದಾನೆ, ಅಲ್ಲಿ ಕೂತಿರುವುದು ನಾನು, ಮೀಸೆ ಇಟ್ಟುಕೊಂಡು.

ಹೇಗಾಯಿತೆಂದರೆ, ಪ್ರತಿ ವರ್ಷ ನಾನು ಮುಂದಿಟ್ಟುಕೊಂಡದ್ದು ಹೋದ ವರ್ಷದ ನನ್ನ ಚಿತ್ರವನ್ನೇ, ಫೋಟೋವನ್ನಲ್ಲ. ಫೋಟೋದಲ್ಲಿ ಕಾಣುವುದಾದರೂ ಏನು ಎಂದು ಅದನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟುಬಿಟ್ಟಿದ್ದೆ. ಅನುಮಾನ ಬಂದಾಗ ಅಲ್ಮೇರಾ ಬಾಗಿಲು ಮುಚ್ಚಿ ಹೊರಗಿನ ಕನ್ನಡಿ ನೋಡಿಕೊಂಡೆ, ಒಂದೇ ರಕ್ತ ತಾನೆ ಎಂದು. ಇಷ್ಟು ವರ್ಷದ ಅಭ್ಯಾಸದಲ್ಲಿ ಕೈಗೆ ದಾರಿ ಬಿದ್ದುಹೋಗಿದೆ. ಕಾಲುದಾರಿ ಸವೆದ ಮೇಲೆ ಯಾರೂ ಅತ್ತ ಇತ್ತ ನೋಡಿ ನಡೆಯುವುದಿಲ್ಲವಲ್ಲ, ಹಾಗೆ.

ನಿನಗೆ ಮೊದಲೇ ಗೊತ್ತಿತ್ತು ಅಲ್ಲವೇ? ಕಳೆದ ಸಲ ಬಂದಾಗ ನೀನು ಅಲ್ಮೇರಾ ಬಾಗಿಲ ಹಿಂದೆ ಬಹಳ ಹೊತ್ತು ನಿಂತಿದ್ದೆ. ನಾನು ಬಂದದ್ದು ಕಂಡು, ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿನ ಅಂತರ ಅಳೆಯುವ ನಿನ್ನ ಆ ಪುಟ್ಟ ಸ್ಕೇಲನ್ನು ಚೀಲಕ್ಕೆ ಸೇರಿಸಿದೆ. ದಿನವಿಡೀ ಮುಖಗಳನ್ನು ಅಳೆಯುವವಳಿಗೆ ಅಕ್ಕನ ಮುಖ ತಿಳಿಯದೇ? ಸಂಜೆ ಚಹಾ ಕುಡಿಯುವಾಗ ನನ್ನ ಮುಖವನ್ನೇ ನೋಡಿದೆ, ಏನೂ ಹೇಳಲಿಲ್ಲ. ಹೇಳದಿದ್ದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ನನಗೆ ಗೊತ್ತಾಗುತ್ತಿಲ್ಲ.

ನನಗೆ ಏನೂ ಅನ್ನಿಸುತ್ತಿಲ್ಲ ಗುಂಡಿ. ಇದನ್ನು ಯಾರಿಗೂ ಹೇಳಿಲ್ಲ. ಆ ಪದರಗಳನ್ನು ನೋಡಿದ ದಿನ, ಅಳು ಬರುತ್ತದೆ ಎಂದು ಕುರ್ಚಿಯಲ್ಲಿ ಕಾದು ಕೂತೆ. ಬರಲಿಲ್ಲ. ಹೋಗಿ ಚಹಾ ಕುಡಿದು ಬಂದು ಮೂಲಂಗಿಗೆ ಎಲೆ ಹಾಕಿದೆ. ಜೋಮು ಹಿಡಿದ ಕಾಲನ್ನು ಕೈಯಲ್ಲಿ ಎತ್ತಿ ಆಚೆ ಇಡುತ್ತೇವಲ್ಲ, ಬೇರೆ ಯಾರದೋ ಕಾಲು ಎಂಬ ಹಾಗೆ, ನನ್ನನ್ನು ನಾನು ದಿನಾ ಹಾಗೆ ಎತ್ತಿಕೊಂಡು ಪ್ರೆಸ್ಸಿಗೆ ತಂದಿಡುತ್ತಿದ್ದೇನೆ. ಅಮ್ಮ ಮಾತಾಡಿಸಿದರೆ ಉತ್ತರ ಕೊಡುತ್ತೇನೆ. ಊಟ ರುಚಿಯಾಗಿಯೇ ಇರುತ್ತದೆ. ಒಂದು ಸಂಗತಿ ಮಾತ್ರ ಮತ್ತೆ ಮತ್ತೆ ತಲೆಯಲ್ಲಿ ಸುತ್ತುತ್ತದೆ: ಇಷ್ಟು ವರ್ಷ ಯಾರಾದರೂ ಆ ಚಿತ್ರ ಹಿಡಿದು ನಿಜಕ್ಕೂ ಹುಡುಕಿದ್ದರೆ, ಅವರಿಗೆ ಸಿಗುತ್ತಿದ್ದದ್ದು ನಾನು.

ಅದಕ್ಕೇ ನಿನಗೆ ಸ್ಲೇಟು ಬೇಕು ಎಂದಾಗ ನನಗೆ ಬೇಜಾರಾಗಲಿಲ್ಲ. ಆಗುತ್ತದೆ ಎಂದು ನೀನು ಹೆದರಿ 'ಹವ್ಯಾಸಕ್ಕೆ' ಎಂದು ಮುಚ್ಚಿಟ್ಟೆ. ನನಗಿಂತ ನೀನು ಬರೆಯುವುದೇ ಸರಿ. ನಿನ್ನ ಕೈಗೆ ಏನೂ ಬರುವುದಿಲ್ಲ, ಅದೇ ಈಗ ನಮಗೆ ಬೇಕಾಗಿರುವುದು. ಸ್ಲೇಟಿನಲ್ಲಿ ಕೈ ಒಂದು ಕಡೆ, ಕಣ್ಣು ಒಂದು ಕಡೆ. ಮೊದಲ ವಾರಗಳಲ್ಲಿ ಎಲ್ಲಿಗೋ ಎಳೆದ ಗೆರೆ ಎಲ್ಲಿಗೋ ಹೋಗುತ್ತದೆ, ರೇಗಿ ಪೆನ್ನು ಎಸೆಯಬೇಕು ಅನ್ನಿಸುತ್ತದೆ. ಎಸೆಯಬೇಡ. ಹಾಗೆ ತಡವರಿಸಿಕೊಂಡು ಬರೆಯುವಾಗ ಪ್ರತಿ ಗೆರೆಗೂ ಕಣ್ಣೆತ್ತಿ ನೋಡಲೇಬೇಕಾಗುತ್ತದೆ. ನಾನು ನೋಡುವುದನ್ನು ಬಿಟ್ಟು ಬಹಳ ವರ್ಷವಾಯಿತು. ಗೆರೆಯನ್ನು ತಾನೇ ನಯ ಮಾಡಿಕೊಡುವ ಒಂದು ಸೌಲಭ್ಯ ಸಾಫ್ಟ್‌ವೇರಿನಲ್ಲಿದೆ, ಅದನ್ನು ಆಫ್ ಮಾಡಿಡು. ನಯವಾದ ಗೆರೆ ಯಾರ ಮುಖಕ್ಕಾದರೂ ಹೊಂದಿಕೊಂಡುಬಿಡುತ್ತದೆ.

ಈ ಕಾಗದದ ಜೊತೆ ಪೆನ್‌ಡ್ರೈವ್ ಇದೆ. ಅದರಲ್ಲಿ ಫೋಟೋ ಮಾತ್ರ ಇಟ್ಟಿದ್ದೇನೆ, ಯಜಮಾನರ ಒಳ್ಳೆಯ ಸ್ಕ್ಯಾನರಿನಲ್ಲಿ ತೆಗೆದದ್ದು, ಮೂರನೇ ಸಾಲಿನ ಹುಡುಗ ಮೊದಲಿಗಿಂತ ಕಾಣುತ್ತಾನೆ. ನನ್ನ ಇಪ್ಪತ್ತೆರಡನ್ನು ಕಳಿಸುತ್ತಿಲ್ಲ, ಕೇಳಬೇಡ. ಫೋಟೋವನ್ನು ಎಲ್ಲಕ್ಕಿಂತ ಕೆಳಗಿನ ಲೇಯರಿನಲ್ಲಿಟ್ಟು ಬೀಗ ಹಾಕು, ಬೀಗದ ಗುರುತು ಪಕ್ಕದಲ್ಲೇ ಇರುತ್ತದೆ. ಮೇಲೆ ಎಷ್ಟು ಸಲ ಬರೆದು ಎಷ್ಟು ಅಳಿಸಿದರೂ ಅವನು ಕೆಳಗೆ ಹಾಗೇ ಇರುತ್ತಾನೆ. ಪ್ರತಿ ವರ್ಷವೂ ಅವನಿಂದಲೇ ಶುರುಮಾಡು, ನಿನ್ನ ಹೋದ ವರ್ಷದ ಚಿತ್ರದಿಂದ ಬೇಡ. ಕನ್ನಡಿ ನೋಡಬೇಡ. ಅಂಗಡಿಗೆ ಬರುವ ಆ ವಯಸ್ಸಿನ ಗಂಡಸರನ್ನು ನೋಡು, ಹನ್ನೊಂದರ ಕಿವಿ ಮೂವತ್ತನಾಲ್ಕಕ್ಕೆ ಏನಾಗಿರುತ್ತದೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಎಷ್ಟು ಕಿವಿಗೆ ಕನ್ನಡಕದ ಕಡ್ಡಿ ಸಿಕ್ಕಿಸಿಲ್ಲ ನೀನು. ನಕ್ಕಾಗ ಅವನ ಒಂದು ಕಣ್ಣು ಮುಚ್ಚುತ್ತಿತ್ತು ಎಂದು ನೀನು ಯಾವಾಗಲೋ ಹೇಳಿದ್ದೆ. ಯಾವ ಕಣ್ಣು ಎಂದು ನನಗೆ ಹೇಳಬೇಡ. ನಿನಗೆ ನೆನಪಿರುವ ಯಾವುದನ್ನೂ ಹೇಳಬೇಡ. ಹೇಳಿದರೆ ನನ್ನ ಕೈ ಅದನ್ನೂ ಇಸಿದುಕೊಂಡು ತನ್ನದು ಮಾಡಿಕೊಳ್ಳುತ್ತದೆ.

ಚೆನ್ನಾಗಿ ಬರಲಿಲ್ಲ ಎಂದು ಹರಿದುಹಾಕಬೇಡ. ಸ್ಲೇಟಿನಲ್ಲಿ ಹರಿಯಲು ಬರುವುದಿಲ್ಲ, ಅದೂ ಒಂದು ಅನುಕೂಲ. ಸೋಫಾದ ಹಾಗೆ ಬಂದರೂ ಕಳಿಸು. ಪ್ರೆಸ್ಸಿನಲ್ಲಿ ಒಳ್ಳೆಯ ಕಾಗದದ ಮೇಲೆ ಪ್ರಿಂಟು ತೆಗೆದು ನಾನೇ ಪಿನ್ನು ಹೊಡೆಯುತ್ತೇನೆ.

ಗಂಟೆ ಬಾರಿಸಿದರು. ಮಧ್ಯಾಹ್ನಕ್ಕೆ ಒಂದು ಸೌತೆಕಾಯಿ ಮುಗಿಸಬೇಕು. ಬಿಸಿನೀರು ಕುಡಿ, ನೆಗಡಿಯಲ್ಲಿ ತಲೆಸ್ನಾನ ಮಾಡಬೇಡ.

ಇಷ್ಟು ಉದ್ದದ ಕಾಗದ ಮತ್ತೆ ಬರೆಯಲಾರದ
ನಿನ್ನ ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಅಮ್ಮನಿಗೆ ತಲೆನೋವಿಲ್ಲ, ನಿನ್ನ ನಂಬರು ಸರಿಯಾಗಿಯೇ ಇದೆ. ಪಾರ್ಸೆಲ್ ಬಂದ ದಿನ ಕನ್ನಡಕ ಹಾಕಿಕೊಂಡು ಕ್ಯಾಲೆಂಡರ್ ಓದಿದಳು, ಮೂಲೆಯ ಜೇಡರ ಬಲೆ ಕಂಡು ನನ್ನನ್ನು ಬೈದಳು, ಕುಣಿಯುವುದೊಂದು ಬಾಕಿ. ಆಮೇಲೆ ಖಾಲಿ ಪೆಟ್ಟಿಗೆ ಇಡಲು ಅಲ್ಮೇರಾ ತೆಗೆದವಳು ಅಲ್ಲೇ ನಿಂತಳು. ಎಷ್ಟೋ ವರ್ಷದಿಂದ ಪೊರೆ ಬಂದ ಕಣ್ಣಿನಲ್ಲಿ ನೋಡುತ್ತಿದ್ದ ಚಿತ್ರ. ನಾನು ಈರುಳ್ಳಿ ಹೆಚ್ಚುತ್ತಿದ್ದೆ. "ಇದು ನೀನು ಕಣೇ" ಎಂದಳು, ಅಷ್ಟೇ. ಕನ್ನಡಕ ತೆಗೆದು, ಒರೆಸಿ, ಪೆಟ್ಟಿಗೆಯಲ್ಲಿಟ್ಟು ಬಾಗಿಲು ಮುಚ್ಚಿದಳು. ಅದಾದ ಮೇಲೆಯೇ ನಾನು ಆ ಹಾಳೆಗಳನ್ನು ಪ್ರೆಸ್ಸಿಗೆ ಹೊತ್ತುಕೊಂಡು ಹೋಗಿದ್ದು. ಈ ವರ್ಷ ಬರಿ ಎಂದು ಅವಳು ನನ್ನನ್ನು ಕೇಳಲೇ ಇಲ್ಲ. ನಿನ್ನೆ ಸೂಜಿ ಪೋಣಿಸಿ ಕೊಡುವಾಗ, ಕನ್ನಡಕ ಹಾಕಿಕೊಳ್ಳಬಾರದೇ ಎಂದು ನಾನೇ ಬಾಯಿಬಿಟ್ಟು ಕೇಳಿದೆ. "ಗುಂಡಿ ಬರ್ದಿದ್ದು ಬರ್ಲಿ. ಮೊದ್ಲು ಅದನ್ನ ನೋಡ್ತೀನಿ" ಎಂದಳು. ಅಲ್ಲಿಯವರೆಗೆ ಸೂಜಿ ಪೋಣಿಸುವ ಕೆಲಸ ನನ್ನದೇ. ಸ್ಲೇಟು ಬೇಗ ತಗೋ.